ಕಾದಾಡುವ ಮೀನುಗಳೂ ಕಣ್ಣಿಗೆ ಕಾಣದ ಕೊಳೆಯೂ

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಪಟ್ಟಣಗಳಲ್ಲಿ ಬಹುಮಟ್ಟಿಗೆ ಹರಡಿದೆ. ಮೀನಿನ ಅಂಗಡಿಯನ್ನು ಹೊಕ್ಕ ವಿದ್ಯಾರ್ಥಿಯ ಕಣ್ಣನ್ನು ಮೊದಲು ಸೆಳೆಯುವುವು ಯಾವುವು? ಹಣೆಯುಬ್ಬಿದ ಫ್ಲವರ್‌ಹಾರ್ನ್, ಕಪ್ಪು ಮೈಮೇಲೆ ಕೆಂಡದಂತಹ ಗೆರೆಗಳುಳ್ಳ ಆಸ್ಕರ್, ಸೆರೆಯಾಳಿನ ಅಂಗಿಯಂತೆ ಪಟ್ಟೆಪಟ್ಟೆಯಾಗಿರುವ ಕಾನ್ವಿಕ್ಟ್, ನೀಲಿ ಹಳದಿ ಬಣ್ಣಗಳಿಂದ ಥಳಥಳಿಸುವ ಆಫ್ರಿಕದ ಮಲಾವಿ ಸರೋವರದ ಮೀನುಗಳು. ಇವೆಲ್ಲವೂ ಸಿಕ್ಲಿಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಕೊಂಡುತಂದ ಒಂದೆರಡು ತಿಂಗಳೊಳಗೆ ಇವುಗಳ ಮೇಲೆ ಎರಡು ದೂರುಗಳು ಹುಟ್ಟುತ್ತವೆ. ಒಂದು, ಇವು ಒಂದನ್ನೊಂದು ಕಚ್ಚಿ ಕೊಲ್ಲುತ್ತವೆ. ಇನ್ನೊಂದು, ತೊಟ್ಟಿಯ ನೀರು ಎಷ್ಟು ತೊಳೆದರೂ ಹದಗೆಡುತ್ತದೆ.

ಈ ಎರಡು ದೂರುಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ತೋರಬಹುದು. ಆದರೆ ವಿಚಾರಮಾಡಿ ನೋಡಿದರೆ ಎರಡಕ್ಕೂ ಮೂಲಕಾರಣ ಒಂದೇ ಎಂಬುದು ವ್ಯಕ್ತವಾಗುತ್ತದೆ. ನದಿಯಲ್ಲಿ ಮೀನು ಹೊರಹಾಕಿದ ಕಲ್ಮಷವನ್ನು ಪ್ರವಾಹವು ಕೊಂಡೊಯ್ಯುತ್ತದೆ. ಜಗಳದಲ್ಲಿ ಸೋತ ಮೀನು ತಾನಾಗಿಯೇ ಈಜಿ ದೂರ ಹೋಗುತ್ತದೆ. ನಾಲ್ಕು ಗಾಜುಗಳ ನಡುವೆ ಕಲ್ಮಷಕ್ಕೂ ಹೊರದಾರಿಯಿಲ್ಲ, ಸೋತ ಮೀನಿಗೂ ಹೊರದಾರಿಯಿಲ್ಲ. ಮೀನು ಸಾಕುವವನು ಕಲಿಯಬೇಕಾದುದೆಲ್ಲ ಈ ಇಲ್ಲದ ದಾರಿಗೆ ಬದಲು ಏನನ್ನು ಕಲ್ಪಿಸಿಕೊಡಬೇಕು ಎಂಬುದನ್ನು.

ಸಿಕ್ಲಿಡ್ ಕುಟುಂಬದಲ್ಲಿ ಇದುವರೆಗೆ ವರ್ಣಿತವಾಗಿರುವ ಜಾತಿಗಳು ೧,೬೦೦ಕ್ಕೂ ಹೆಚ್ಚು. ಆಫ್ರಿಕ, ದಕ್ಷಿಣ ಮತ್ತು ಮಧ್ಯ ಅಮೆರಿಕಗಳೇ ಇವುಗಳ ಮುಖ್ಯ ನೆಲೆ. ಆದರೂ ಇವು ನಮಗೆ ಪೂರ್ತಿ ಪರಕೀಯವಲ್ಲ. ಭಾರತದಲ್ಲಿ ಮೂರು ದೇಶೀಯ ಸಿಕ್ಲಿಡ್‌ಗಳುಂಟು. ಕೇರಳದಲ್ಲಿ ಕರಿಮೀನ್ ಎಂದು ಪ್ರಸಿದ್ಧವಾಗಿ ೨೦೧೦ರಲ್ಲಿ ಆ ರಾಜ್ಯದ ಮೀನೆಂದು ಘೋಷಿತವಾದದ್ದು ಒಂದು. ಅಂಗೈಯಗಲದ ಕಿತ್ತಳೆಬಣ್ಣದ ಕ್ರೋಮೈಡ್ ಇನ್ನೊಂದು. ಮೂರನೆಯದು ದಕ್ಷಿಣ ಕನ್ನಡದ ಹೊಳೆಗಳಲ್ಲಿ ವಾಸಿಸುವುದು. ೧೮೭೭ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿಯು ಇದನ್ನು ವರ್ಣಿಸಿ ಕೆನರಾ ಪ್ರಾಂತದ ಹೆಸರನ್ನೇ ಇಟ್ಟನು. ೧೯೫೨ರಲ್ಲಿ ನಮ್ಮ ದೇಶಕ್ಕೆ ತರಲ್ಪಟ್ಟು ಕೆರೆಕೆರೆಗೂ ಹಬ್ಬಿದ ಟಿಲಾಪಿಯವೂ, ಎಂದರೆ ನಮ್ಮ ಸಂತೆಗಳ ಜಿಲೇಬಿ ಮೀನೂ, ಇದೇ ಕುಟುಂಬದ್ದು.

ಜಗಳದ ಹಿಂದಿನ ಕಾರಣ

ಸಿಕ್ಲಿಡ್‌ಗಳ ಕಲಹಪ್ರಿಯತೆಯನ್ನು ದುಷ್ಟತನವೆಂದು ಭಾವಿಸಬಾರದು. ಮೀನುಗಳಲ್ಲಿ ಬಹುಪಾಲು ಜಾತಿಗಳು ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ. ಕಾನ್ವಿಕ್ಟ್ ಮೀನಿನ ಗಂಡುಹೆಣ್ಣುಗಳು ಜೋಡಿಯಾಗಿ ಕಲ್ಲಿನ ಪೊಟರೆಯೊಂದನ್ನು ಆರಿಸಿಕೊಂಡು, ಅದನ್ನು ಶುಚಿಮಾಡಿ, ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುತ್ತ, ಮರಿಯಾದ ಮೇಲೆ ವಾರಗಟ್ಟಲೆ ಅವುಗಳ ಸುತ್ತ ಕಾವಲಿರುತ್ತವೆ. ಮಲಾವಿ ಸರೋವರದ ಅನೇಕ ಜಾತಿಗಳಲ್ಲಿ ತಾಯಿಯು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಉಪವಾಸವಿರುತ್ತಾಳೆ. ನಮ್ಮ ಕಿತ್ತಳೆ ಕ್ರೋಮೈಡಿನ ಮರಿಗಳು ತಂದೆತಾಯಿಗಳ ಮೈಮೇಲಿನ ಲೋಳೆಯನ್ನು ಚುಂಚಿ ತಿನ್ನುವುದುಂಟು. ಇಷ್ಟು ಮಮತೆಯಿಂದ ಮರಿಗಳನ್ನು ಸಾಕುವ ಪ್ರಾಣಿಗೆ ತನ್ನದೆಂಬ ಒಂದು ತುಂಡು ನೆಲ ಬೇಡವೆ? ಆ ನೆಲದೊಳಕ್ಕೆ ಕಾಲಿಟ್ಟವನು, ಮೀನಿನ ಮಾತಿನಲ್ಲಿ ರೆಕ್ಕೆಯಿಟ್ಟವನು, ವೈರಿ. ಮಮತೆ ಹಗೆತನಗಳು ಇಲ್ಲಿ ಒಂದೇ ನಾಣ್ಯದ ಎರಡು ಮುಖಗಳು.

ಜಗಳವೂ ಕುರುಡು ಜಗಳವಲ್ಲ. ಮೊದಲು ಎರಡೂ ಮೀನುಗಳು ಬಣ್ಣವನ್ನು ಗಾಢಗೊಳಿಸಿ, ರೆಕ್ಕೆಗಳನ್ನು ಬಿಡಿಸಿ, ತಮ್ಮ ಗಾತ್ರವನ್ನು ಪ್ರದರ್ಶಿಸುತ್ತವೆ. ಅನಂತರ ಪಕ್ಕಕ್ಕೆ ಪಕ್ಕ ನಿಂತು ಬಾಲದಿಂದ ನೀರನ್ನು ಎದುರಾಳಿಯ ಕಡೆಗೆ ಬಡಿಯುತ್ತವೆ. ಮೀನಿನ ಪಕ್ಕೆಯುದ್ದಕ್ಕೂ ನೀರಿನ ಚಲನೆಯನ್ನೂ ಒತ್ತಡದ ಏರಿಳಿತವನ್ನೂ ಗ್ರಹಿಸುವ ಇಂದ್ರಿಯವೊಂದಿದೆ. ಅದನ್ನು ಪಾರ್ಶ್ವರೇಖೆ ಎನ್ನುತ್ತಾರೆ. ಬಾಲದ ಬಡಿತವು ಎಬ್ಬಿಸಿದ ಅಲೆಯ ಬಲದಿಂದಲೇ ಎದುರಾಳಿಯ ದೇಹಬಲವನ್ನು ಕಚ್ಚದೆಯೇ ಅಳೆಯಬಹುದು. ಇದರಿಂದಲೂ ತೀರ್ಮಾನವಾಗದಿದ್ದಲ್ಲಿ ಮಾತ್ರ ದವಡೆಗೆ ದವಡೆ ಸಿಕ್ಕಿಸಿಕೊಂಡು ಎಳೆದಾಡುತ್ತವೆ. ಕೊನೆಗೆ ಒಂದು ಮೀನು ರೆಕ್ಕೆಗಳನ್ನು ಮಡಿಸಿ, ಬಣ್ಣಗುಂದಿ, ಹಿಮ್ಮೆಟ್ಟುತ್ತದೆ. ಪ್ರಾಣಿಗಳ ಆಕ್ರಮಣಶೀಲತೆಯನ್ನು ಕುರಿತು ೧೯೬೩ರಲ್ಲಿ ಗ್ರಂಥವನ್ನು ಬರೆದು, ೧೯೭೩ರಲ್ಲಿ ನೊಬೆಲ್ ಬಹುಮಾನವನ್ನು ಇತರ ಇಬ್ಬರೊಡನೆ ಹಂಚಿಕೊಂಡ ಕಾನ್ರಾಡ್ ಲೊರೆಂಟ್ಸ್ ಸಿಕ್ಲಿಡ್‌ಗಳನ್ನು ತನ್ನ ತೊಟ್ಟಿಗಳಲ್ಲಿ ಸಾಕಿ ನೋಡಿದವನೇ.

ಈ ಮೀನುಗಳು ಎಷ್ಟರಮಟ್ಟಿಗೆ ಲೆಕ್ಕಾಚಾರದವು ಎಂಬುದನ್ನು ೨೦೦೭ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿತು. ಟಾಂಗನೀಕ ಸರೋವರದ ಸಿಕ್ಲಿಡ್ ಜಾತಿಯೊಂದರ ಐದು ಗಂಡುಗಳನ್ನು ಆರಿಸಿಕೊಂಡರು. ಅವನ್ನು ಅ, ಆ, ಇ, ಈ, ಉ ಎಂದು ಕರೆಯೋಣ. ಪ್ರೇಕ್ಷಕನಾಗಿದ್ದ ಮತ್ತೊಂದು ಗಂಡುಮೀನಿನ ಎದುರಿಗೆ ಅ ಆ-ಯನ್ನೂ, ಆ ಇ-ಯನ್ನೂ, ಇ ಈ-ಯನ್ನೂ, ಈ ಉ-ವನ್ನೂ ಸೋಲಿಸುವಂತೆ ಏರ್ಪಡಿಸಿದರು. ಬಳಿಕ ಪ್ರೇಕ್ಷಕನ ಒಂದು ಪಕ್ಕದಲ್ಲಿ ಆ, ಇನ್ನೊಂದು ಪಕ್ಕದಲ್ಲಿ ಈ. ಇವೆರಡೂ ಪರಸ್ಪರ ಸೆಣಸಿದ್ದನ್ನು ಅದು ಕಂಡಿರಲಿಲ್ಲ. ಎರಡೂ ಒಂದೊಂದು ಸಲ ಗೆದ್ದು ಒಂದೊಂದು ಸಲ ಸೋತಿದ್ದುವು. ಆದರೂ ಅದು ದುರ್ಬಲನಾದ ಈ-ಯ ಪಕ್ಕಕ್ಕೇ ಸರಿಯಿತು. ಆ ಇ-ಗಿಂತ ಮೇಲು, ಇ ಈ-ಗಿಂತ ಮೇಲು, ಆದುದರಿಂದ ಆ ಈ-ಗಿಂತ ಮೇಲು ಎಂಬ ಅನುಮಾನಕ್ರಮವು ಅದಕ್ಕೆ ಸಾಧ್ಯವಾಗಿತ್ತೆಂದೇ ಹೇಳಬೇಕು. ರೇಖಾಗಣಿತದ ತರಗತಿಯಲ್ಲಿ ಇದನ್ನು ಮನದಟ್ಟುಮಾಡಿಸಲು ಪಡುವ ಪಾಡನ್ನು ಬಲ್ಲ ಉಪಾಧ್ಯಾಯರಿಗೆ ಇದು ವಿಸ್ಮಯದ ಸಂಗತಿ.

ತೊಟ್ಟಿಯಲ್ಲಿ ನಡೆಯುವ ಅನಾಹುತವು ಈಗ ಅರ್ಥವಾಗುತ್ತದೆ. ಸೋತ ಮೀನು ಸೋಲೊಪ್ಪಿದ್ದಾಯಿತು. ಆದರೆ ಹೊರಟುಹೋಗಬೇಕಾದುದು ಹೋಗುತ್ತಿಲ್ಲ. ಗೆದ್ದ ಮೀನಿನ ಕಣ್ಣಿಗೆ ಅದು ಎದುರಿಗೆ ನಿಂತೇ ಇದೆ. ಹೀಗಾಗಿ ಐದು ನಿಮಿಷದಲ್ಲಿ ಮುಗಿಯತಕ್ಕ ಜಗಳವು ದಿನಗಟ್ಟಲೆ ಬೆಳೆಯುತ್ತದೆ. ನೀರಿನ ಮೇಲ್ಭಾಗದ ಮೂಲೆಯಲ್ಲಿಯೋ ಶೋಧಕದ ಕೊಳವೆಯ ಹಿಂದೆಯೋ ಅಲುಗಾಡದೆ, ಹರಿದ ರೆಕ್ಕೆಗಳನ್ನು ಮಡಿಸಿಕೊಂಡು ನಿಂತ ಮೀನನ್ನು ಕಂಡೊಡನೆ ಬೇರ್ಪಡಿಸತಕ್ಕದ್ದು. ನಾಳೆ ನೋಡೋಣವೆಂದರೆ ನಾಳೆ ಅದು ಇರುವುದಿಲ್ಲ.

ಮರೆಯಾಗುವುದೇ ಇಲ್ಲಿ ದೂರಹೋಗುವುದಕ್ಕೆ ಸಮಾನ. ತೊಟ್ಟಿಯ ತಳದಿಂದ ಬಹುಪಾಲು ಎತ್ತರದವರೆಗೆ ಕಲ್ಲುಗಳನ್ನು ಭದ್ರವಾಗಿ ಪೇರಿಸಿ, ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಮಾಡಿದರೆ ಜಗಳವು ಎಷ್ಟೋ ತಗ್ಗುತ್ತದೆ. ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಮೇಲೆಯೇ ನಿಲ್ಲಿಸಬೇಕು. ಸಿಕ್ಲಿಡ್‌ಗಳು ಮರಳನ್ನು ಬಾಯಿಂದ ತೋಡಿ ಕಲ್ಲನ್ನು ಉರುಳಿಸಬಲ್ಲವು. ಹೊಸ ಮೀನನ್ನು ಬಿಡುವ ದಿನ ಕಲ್ಲುಗಳ ಸ್ಥಾನವನ್ನೆಲ್ಲ ಬದಲಿಸಿದರೆ ಹಳೆಯ ಮೀನುಗಳ ಎಲ್ಲೆಕಟ್ಟುಗಳು ಅಳಿಸಿಹೋಗಿ, ಎಲ್ಲವೂ ಹೊಸಬರಾಗುತ್ತವೆ. ಮಲಾವಿಯ ಬಂಡೆವಾಸಿ ಮೀನುಗಳ ವಿಷಯದಲ್ಲಿ ಅನುಭವಿಗಳು ಇನ್ನೊಂದು ಉಪಾಯವನ್ನು ಬಳಸುತ್ತಾರೆ. ಒಂದು ಗಂಡಿಗೆ ಹಲವು ಹೆಣ್ಣುಗಳಂತೆ ತೊಟ್ಟಿಯನ್ನು ಬೇಕೆಂದೇ ದಟ್ಟವಾಗಿ ತುಂಬುವುದು. ಆಗ ಪ್ರಬಲನ ಕೋಪವು ಒಂದೇ ಬಡಪಾಯಿಯ ಮೇಲೆ ಬೀಳದೆ ಹತ್ತು ಕಡೆ ಹಂಚಿಹೋಗುತ್ತದೆ. ಫ್ಲವರ್‌ಹಾರ್ನಿಗೆ ಮಾತ್ರ ಏಕಾಂತವೇ ಸರಿ. ೧೯೯೦ರ ದಶಕದಲ್ಲಿ ಮಲೇಶಿಯದಲ್ಲಿ ಮಧ್ಯ ಅಮೆರಿಕದ ಜಾತಿಗಳನ್ನು ಬೆರಕೆಮಾಡಿ ಬೆಳೆಸಿದ ಈ ಮೀನಿಗೆ ಪ್ರಪಂಚದ ಯಾವ ನದಿಯೂ ತವರಲ್ಲ.

ದಟ್ಟವಾಗಿ ತುಂಬಿದರೆ ಜಗಳ ತಗ್ಗಿತು, ನಿಜ. ಆದರೆ ನೀರಿನ ಮೇಲಣ ಹೊರೆ ಹೆಚ್ಚಿತು. ಒಂದು ದೂರಿನ ಮದ್ದೇ ಇನ್ನೊಂದಕ್ಕೆ ಮೂಲವಾಯಿತು.

ತಿಳಿನೀರು ಶುದ್ಧನೀರಲ್ಲ

ಮೀನು ತನ್ನ ಆಹಾರದ ಸಾರಜನಕದ ಬಹುಭಾಗವನ್ನು ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ಹೊರಹಾಕುತ್ತದೆ. ಅಮೋನಿಯಕ್ಕೆ ಬಣ್ಣವಿಲ್ಲ, ಅದು ನೀರನ್ನು ಕದಡುವುದೂ ಇಲ್ಲ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿ ಮೀನುಗಳು ಉಸಿರುಗಟ್ಟಿ ಸಾಯುವುದನ್ನೂ, ಹಸಿರುಗಟ್ಟಿದ ಕೊಳದಲ್ಲಿ ಸುಖವಾಗಿರುವುದನ್ನೂ ನಾವು ಕಾಣುತ್ತೇವಷ್ಟೆ. ಕಣ್ಣು ಇಲ್ಲಿ ನಂಬತಕ್ಕ ಮಾಪಕವಲ್ಲ.

ಈ ಅಮೋನಿಯದ ಕಥೆಯಲ್ಲಿ ತಂದೆ ಮಕ್ಕಳಿಬ್ಬರ ಹೆಸರು ಬರುತ್ತದೆ. ೧೮೫೦ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಇಂಗ್ಲಿಷ್ ರಸಾಯನವಿಜ್ಞಾನಿಯು ಹನ್ನೆರಡು ಗ್ಯಾಲನ್ನಿನ ಪಾತ್ರೆಯಲ್ಲಿ ಎರಡು ಹೊನ್ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇರಿಸಿದ್ದ ತನ್ನ ಪ್ರಯೋಗವನ್ನು ಪ್ರಕಟಿಸಿದನು. ಸಸ್ಯದ ಕೊಳೆತ ಎಲೆಗಳಿಂದ ನೀರು ಕೆಡಲು, ಅವನ್ನು ತಿನ್ನುವ ಬಸವನಹುಳುಗಳನ್ನು ತಂದುಹಾಕಿದನು. ಮೀನು ಬಿಟ್ಟುದನ್ನು ಗಿಡ ಬಳಸುವುದು, ಗಿಡ ಬಿಟ್ಟುದನ್ನು ಮೀನು ಬಳಸುವುದು: ಇದೇ ಆತನು ತೋರಿಸಿದ ಸಮತೋಲ. ಮನೆಯ ಮತ್ಸ್ಯತೊಟ್ಟಿಯ ಪರಂಪರೆಯು ಇಲ್ಲಿಂದ ಮುಂದುವರಿಯಿತು.

ಆದರೆ ದೊಡ್ಡ ಸಿಕ್ಲಿಡ್‌ಗಳ ತೊಟ್ಟಿಯಲ್ಲಿ ವಾರಿಂಗ್ಟನ್ನನ ಉಪಾಯ ಸಾಗದು. ಆಸ್ಕರ್ ಗಿಡಗಳನ್ನು ಬೇರುಸಹಿತ ಕೀಳುತ್ತದೆ. ಮಲಾವಿಯ ಮೀನುಗಳು ತಿಂದೇಬಿಡುತ್ತವೆ. ಇಲ್ಲಿ ನೆರವಿಗೆ ಬರುವುದು ಮಗನು ಹಿಡಿದ ಜಾಡು. ತಂದೆಯ ಹೆಸರನ್ನೇ ಹೊತ್ತ ಕಿರಿಯ ವಾರಿಂಗ್ಟನ್ನನು ರಾಥಮ್‌ಸ್ಟೆಡ್ಡಿನ ಕೃಷಿ ಪ್ರಯೋಗಶಾಲೆಯಲ್ಲಿ ಮಣ್ಣಿನ ಸಾರಜನಕವನ್ನು ಅಭ್ಯಸಿಸುತ್ತಿದ್ದನು. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬವರು ಮರಳು ಸುಣ್ಣಕಲ್ಲುಗಳಿಂದ ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಇಳಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಅನಂತರ ಅಮೋನಿಯವು ನೈಟ್ರೇಟಾಗಿ ಹೊರಬರತೊಡಗಿತು. ಕ್ಲೋರೊಫಾರ್ಮಿನ ಆವಿಯನ್ನು ಹಾಯಿಸಲು ಕೆಲಸವು ನಿಂತುಹೋಯಿತು. ಸತ್ತದ್ದು ಯಾವುದೋ ಜೀವಿಯೇ ಆಗಿರಬೇಕಲ್ಲವೆ? ಈ ಕಾರ್ಯವು ಎರಡು ಹಂತಗಳಲ್ಲಿ, ಬೇರೆಬೇರೆ ಜೀವಿಗಳಿಂದ ನಡೆಯುತ್ತದೆಂಬುದನ್ನು ಕಿರಿಯ ವಾರಿಂಗ್ಟನ್ನನು ಕಂಡುಕೊಂಡನು. ಆ ಜೀವಿಗಳನ್ನು ಬಿಡಿಸಿ ಬೆಳೆಸುವುದು ಮಾತ್ರ ಅವನಿಂದಾಗಲಿಲ್ಲ. ೧೮೯೦ರ ಸುಮಾರಿಗೆ ಅದನ್ನು ಸಾಧಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ಒಂದು ಬಗೆಯ ಬ್ಯಾಕ್ಟೀರಿಯವು ಅಮೋನಿಯವನ್ನು ನೈಟ್ರೈಟನ್ನಾಗಿಯೂ, ಮತ್ತೊಂದು ಬಗೆಯದು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಪರಿವರ್ತಿಸುತ್ತದೆ. ಎರಡು ಹಂತಗಳನ್ನೂ ತಾನೊಂದೇ ಪೂರೈಸುವ ಬ್ಯಾಕ್ಟೀರಿಯವುಂಟೆಂಬುದು ೨೦೧೫ರಲ್ಲಿ ತಿಳಿದುಬಂದಿತು. ಆ ಶೋಧಗಳಲ್ಲೊಂದು ನಡೆದದ್ದು ಮೀನು ಸಾಕುವ ನೀರಿನ ಶೋಧಕದಲ್ಲಿಯೇ.

ಆ ಫ್ರೆಂಚರ ಕೊಳವೆಯೇ ಇಂದಿನ ನಮ್ಮ ಶೋಧಕ. ಅದರೊಳಗಿನ ಸ್ಪಂಜು, ಸರಂಧ್ರ ಕಲ್ಲುಗಳು ಕಸವನ್ನು ತಡೆಯುವುದಕ್ಕಾಗಿ ಮಾತ್ರ ಇರುವುವೆಂದು ತಿಳಿಯಬಾರದು. ಅವು ಬ್ಯಾಕ್ಟೀರಿಯಗಳ ವಸತಿ. ಹೊಸ ತೊಟ್ಟಿಯಲ್ಲಿ ಈ ವಸತಿಯು ಬರಿದಾಗಿರುವುದರಿಂದ ಅದು ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು. ಮೊದಲು ಅಮೋನಿಯವು ಏರಿ ಇಳಿಯುತ್ತದೆ. ಅದರ ಬೆನ್ನಿಗೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ವಿಷವೇ. ನೈಟ್ರೈಟು ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ತೊಟ್ಟಿಯನ್ನು ಕೊಂಡ ಸಂಜೆಯೇ ಮೀನುಗಳನ್ನೂ ಬಿಟ್ಟವರು ಎರಡನೆಯ ವಾರದಲ್ಲಿ ಅವನ್ನು ಕಳೆದುಕೊಳ್ಳುವುದು ಇದರಿಂದಲೇ. ಇನ್ನು, ತೊಟ್ಟಿಯನ್ನು ಹೊಳೆಯುವಂತೆ ಇಡಬೇಕೆಂಬ ಉತ್ಸಾಹದಿಂದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ, ನಲ್ಲಿಯ ನೀರಿನ ಕ್ಲೋರಿನ್ನು ಫ್ರೆಂಚರ ಕ್ಲೋರೊಫಾರ್ಮಿನ ಕೆಲಸವನ್ನು ಮಾಡಿಬಿಡುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಸ್ಪಂಜನ್ನು ಅದ್ದಿ ಮೆಲ್ಲನೆ ಹಿಂಡಿದರೆ ಸಾಕು. ಅತಿಶುಚಿಯೇ ಇಲ್ಲಿ ಅಶುಚಿಗೆ ಕಾರಣ.

ಅಮೋನಿಯದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ: ಕಿವಿರುಗಳನ್ನು ಸುಲಭವಾಗಿ ದಾಟಬಲ್ಲ, ವಿಷಕಾರಿಯಾದ ಮುಕ್ತ ಅಮೋನಿಯ, ಅಷ್ಟು ಅಪಾಯವಿಲ್ಲದ ಅಮೋನಿಯಂ ಅಯಾನು. ಇವೆರಡರ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಪಿಎಚ್. ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ೭ ಇರುವಾಗ ಮುಕ್ತ ಅಮೋನಿಯವು ಶೇಕಡ ಸುಮಾರು ೦.೬, ಪಿಎಚ್ ೮ ಆದರೆ ಶೇಕಡ ೫, ೯ ಆದರೆ ಶೇಕಡ ೩೬. ಮಲಾವಿಯ ಮೀನುಗಳು ಕ್ಷಾರಗುಣದ ನೀರನ್ನೇ ಬಯಸುವುವು. ನಮ್ಮಲ್ಲಿ ಅನೇಕ ಕಡೆ ಕೊಳವೆಬಾವಿಯ ನೀರೂ ಗಡಸು. ಅಂತಹ ನೀರಿನಲ್ಲಿ ಅಲ್ಪ ಅಮೋನಿಯವೂ ಅಪಾಯಕರ.

ಒಂದು ಚಿಕ್ಕ ಲೆಕ್ಕ

೧೨೦ ಸೆಂಟಿಮೀಟರು ಉದ್ದ, ೪೫ ಸೆಂಟಿಮೀಟರು ಅಗಲ, ೪೫ ಸೆಂಟಿಮೀಟರು ನೀರಿನ ಎತ್ತರವಿರುವ ತೊಟ್ಟಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ೨೪೩ ಲೀಟರು ನೀರು ಹಿಡಿಯುತ್ತದೆ. ಬೆಳೆದ ಎರಡು ಆಸ್ಕರ್‌ಗಳಿಗೆ ದಿನಕ್ಕೆ ೧೦ ಗ್ರಾಮು ಒಣ ಆಹಾರ ಹಾಕುತ್ತೇವೆನ್ನಿ. ಆಹಾರದಲ್ಲಿ ಶೇಕಡ ೪೦ ಭಾಗ ಪ್ರೋಟೀನ್, ಪ್ರೋಟೀನಿನಲ್ಲಿ ಶೇಕಡ ಸುಮಾರು ೧೬ ಭಾಗ ಸಾರಜನಕ. ಅಂತೂ ೬೪೦ ಮಿಲಿಗ್ರಾಮು ಸಾರಜನಕ. ಇದರಲ್ಲಿ ಅರ್ಧವು ಅಮೋನಿಯವಾಗಿ ನೀರನ್ನು ಸೇರುತ್ತದೆಂದು ಇಟ್ಟುಕೊಂಡರೂ ಲೀಟರಿಗೆ ದಿನಕ್ಕೆ ೧.೩ ಮಿಲಿಗ್ರಾಮಾಯಿತು. ಬ್ಯಾಕ್ಟೀರಿಯಗಳು ಇದನ್ನು ನೈಟ್ರೇಟಾಗಿ ಮಾರ್ಪಡಿಸಿದಾಗ, ಒಂದು ಮಿಲಿಗ್ರಾಮು ಸಾರಜನಕಕ್ಕೆ ೪.೪ ಮಿಲಿಗ್ರಾಮು ನೈಟ್ರೇಟಿನಂತೆ, ವಾರಕ್ಕೆ ಲೀಟರೊಂದಕ್ಕೆ ಸುಮಾರು ೪೦ ಮಿಲಿಗ್ರಾಮು ಸೇರುತ್ತದೆ. ನೈಟ್ರೇಟು ಬಹುಮಟ್ಟಿಗೆ ಸೌಮ್ಯವಾದದ್ದು; ಆದರೆ ಅದನ್ನು ತೊಟ್ಟಿಯಿಂದ ಹೊರಹಾಕುವ ಬ್ಯಾಕ್ಟೀರಿಯವನ್ನು ಸಾಮಾನ್ಯ ಶೋಧಕದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಕೊಡವೇ ಗತಿ.

ಪ್ರತಿವಾರವೂ ನೀರಿನ ಒಂದು ನಿರ್ದಿಷ್ಟ ಭಾಗವನ್ನು ಬದಲಾಯಿಸುತ್ತಿದ್ದರೆ ನೈಟ್ರೇಟು ಎಲ್ಲಿಗೆ ಬಂದು ನಿಲ್ಲುತ್ತದೆ? ವಾರದಲ್ಲಿ ಸೇರುವಷ್ಟೇ ಬದಲಾವಣೆಯಲ್ಲಿ ಹೊರಹೋದಾಗ ಏರಿಕೆಯು ನಿಲ್ಲುತ್ತದೆ. ಕಾಲು ಭಾಗವನ್ನು ಬದಲಿಸುವವನ ತೊಟ್ಟಿಯಲ್ಲಿ ಬದಲಿಸುವುದಕ್ಕೆ ಮುಂಚೆ ೪೦ರ ನಾಲ್ಕರಷ್ಟು, ಎಂದರೆ ೧೬೦ ಮಿಲಿಗ್ರಾಮು. ಅರ್ಧವನ್ನು ಬದಲಿಸಿದರೆ ೮೦. ಹತ್ತನೆಯ ಒಂದು ಭಾಗವನ್ನು ಬದಲಿಸಿ ತೃಪ್ತಿಪಡುವವನಿಗೆ ೪೦೦! ಹೊಸ ನೀರಿನಲ್ಲಿಯೇ ನೈಟ್ರೇಟಿದ್ದರೆ ಅದೂ ಇದಕ್ಕೆ ಕೂಡುತ್ತದೆ. ೪೦ರ ಆಚೀಚೆ ಇರಿಸುವುದು ಒಳ್ಳೆಯದೆಂಬುದು ಹವ್ಯಾಸಿಗಳ ರೂಢಿ. ವಾರಕ್ಕೆ ಎರಡು ಸಲ ಅರ್ಧರ್ಧ ನೀರನ್ನು ಬದಲಿಸಿದರೆ ಅದು ಸಾಧ್ಯ. ಒಂದೇ ಸಲ ಬದಲಿಸಿ ಆಹಾರವನ್ನು ಅರ್ಧಕ್ಕೆ ಇಳಿಸಿದರೂ ಸಾಧ್ಯ. ಎರಡನೆಯದನ್ನು ಜನರು ಒಪ್ಪುವುದು ಕಡಮೆ, ಏಕೆಂದರೆ ಆಸ್ಕರ್ ಗಾಜಿನ ಬಳಿಗೆ ಬಂದು ಯಾಚಿಸುವ ರೀತಿಯು ನಾಯಿಮರಿಯನ್ನೂ ಮೀರಿಸುವಂಥದು. ಆದರೆ ಅನೇಕ ತೊಟ್ಟಿಗಳಲ್ಲಿ ಕೆಟ್ಟಿರುವುದು ಶೋಧಕವಲ್ಲ, ಸಾಕಿದವನ ಕೈ.

ಆಮ್ಲಜನಕದ ಲೆಕ್ಕವೂ ಬಿಗಿಯಾದುದೇ. ಒಂದು ಲೀಟರು ವಾಯುವಿನಲ್ಲಿ ಸುಮಾರು ೨೭೦ ಮಿಲಿಗ್ರಾಮು ಆಮ್ಲಜನಕವಿದ್ದರೆ, ೨೫ ಡಿಗ್ರಿಯ ಒಂದು ಲೀಟರು ನೀರು ಹಿಡಿಯಬಲ್ಲದ್ದು ೮.೩ ಮಿಲಿಗ್ರಾಮು ಮಾತ್ರ. ೩೦ ಡಿಗ್ರಿಯಲ್ಲಿ ೭.೬. ಇದರಲ್ಲಿ ಮೀನಿನೊಡನೆ ಬ್ಯಾಕ್ಟೀರಿಯಗಳಿಗೂ ಪಾಲುಂಟು. ಅದು ಒಳಬರುವ ಬಾಗಿಲು ನೀರಿನ ಮೇಲ್ಮೈ. ಗುಳ್ಳೆಗಳ ಉಪಯೋಗವೂ ಹೆಚ್ಚಾಗಿ ಮೇಲ್ಮೈಯನ್ನು ಕಲಕುವುದರಲ್ಲಿಯೇ ಇದೆ. ಆದುದರಿಂದ ಎತ್ತರವಾದ ಇಕ್ಕಟ್ಟು ತೊಟ್ಟಿಗಿಂತ ತಗ್ಗಾದ ವಿಶಾಲ ತೊಟ್ಟಿಯು ಮೇಲು. ಎಲ್ಲೆಗಾಗಿ ಕಾದಾಡುವ ಮೀನಿಗೂ ಬೇಕಾದುದು ತಳದ ವಿಸ್ತಾರವೇ ಹೊರತು ಎತ್ತರವಲ್ಲ. ಭೌತವಿಜ್ಞಾನವೂ ಇದನ್ನೇ ಅನುಮೋದಿಸುತ್ತದೆ. ನೀರು ಮುಂಗಾಜಿನ ಮೇಲೆ ಹೇರುವ ಬಲವು ಎತ್ತರದ ವರ್ಗಕ್ಕೆ ಅನುಗುಣವಾದದ್ದು. ಮೇಲಿನ ತೊಟ್ಟಿಯಲ್ಲಿ ಅದು ಸುಮಾರು ೧,೧೯೦ ನ್ಯೂಟನ್, ಅಂದರೆ ೧೨೦ ಕಿಲೋಗ್ರಾಮು ತೂಕದಷ್ಟು. ಎತ್ತರವನ್ನು ಇಮ್ಮಡಿಸಿದರೆ ಬಲವು ನಾಲ್ಮಡಿ. ಹಿಂದುಮುಂದಿನ ಅಗಲವನ್ನು ಇಮ್ಮಡಿಸಿದರೆ ಮುಂಗಾಜಿನ ಮೇಲಿನ ಬಲವು ಎಳ್ಳಷ್ಟೂ ಹೆಚ್ಚದು. ಇದು ವಿದ್ಯಾರ್ಥಿಗಳು ಮೊದಲು ನಂಬದ ಮಾತು. ನೀರಿನ ತೂಕವೇ ೨೪೩ ಕಿಲೋಗ್ರಾಮಾಗಿರುವುದರಿಂದ ಪುಸ್ತಕದ ಮೇಜು ಇದಕ್ಕೆ ಪೀಠವಾಗಲಾರದು.

ಅಂಗಡಿಯಲ್ಲಿ ಐದು ಸೆಂಟಿಮೀಟರಿದ್ದ ಆಸ್ಕರ್ ಬೆಳೆದು ೩೦ ಸೆಂಟಿಮೀಟರನ್ನು ಮುಟ್ಟುವ ಮೀನೆಂಬುದನ್ನು ಕೊಳ್ಳುವ ಮುನ್ನವೇ ಯೋಚಿಸಬೇಕು. ಆಮೇಲೆ ಯೋಚಿಸಿದವರು ಅದನ್ನು ಸಮೀಪದ ಕೆರೆಗೆ ಬಿಟ್ಟುಬರುವುದುಂಟು. ಅದರಿಂದ ಮೀನಿಗೆ ದಾರಿಯಾಯಿತು, ಕೆರೆಯ ಮೀನುಗಳ ದಾರಿ ಮುಚ್ಚಿತು. ೧೯೫೨ರ ಟಿಲಾಪಿಯ ಇಂದು ಎಲ್ಲೆಲ್ಲಿದೆಯೆಂಬುದನ್ನು ಯಾವ ಕೆರೆಯ ಬೆಸ್ತನನ್ನು ಕೇಳಿದರೂ ಹೇಳುತ್ತಾನೆ. ಸಾಕಲಾರದ ಮೀನನ್ನು ಅಂಗಡಿಗೋ ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಗೋ ಒಪ್ಪಿಸತಕ್ಕದ್ದು.

ನೀರು ಬದಲಿಸುವ ಕೆಲಸವು ಕೊಡಗಳಿಂದ ಹೊತ್ತುಮಾಡುವಷ್ಟು ಕಷ್ಟದ್ದೇನೂ ಅಲ್ಲ. ೧೨ ಮಿಲಿಮೀಟರು ಒಳವ್ಯಾಸದ ರಬ್ಬರು ಕೊಳವೆಯನ್ನು ಸೈಫನ್ನಾಗಿ ಬಳಸಿ, ಅದರ ಹೊರತುದಿಯನ್ನು ನೀರಿನ ಮಟ್ಟಕ್ಕಿಂತ ೬೦ ಸೆಂಟಿಮೀಟರು ಕೆಳಗಿರಿಸಿದರೆ, ಘರ್ಷಣೆಯನ್ನು ಗಣಿಸದೆ ಸೆಕೆಂಡಿಗೆ ೦.೩೯ ಲೀಟರು ಹರಿಯಬೇಕು. ಘರ್ಷಣೆಯಿಂದಲೂ ಮಟ್ಟವಿಳಿಯುವುದರಿಂದಲೂ ಇದು ತಗ್ಗಿ, ೧೨೦ ಲೀಟರು ಖಾಲಿಯಾಗಲು ಕಾಲು ಗಂಟೆಯಾದರೂ ಹಿಡಿಯುತ್ತದೆ. ಒಳತುದಿಯನ್ನು ಮರಳಿನ ಮೇಲೆ ಅತ್ತಿತ್ತ ಆಡಿಸಿದರೆ ಕೂಳೂ ಮಲವೂ ಜೊತೆಗೆ ಬರುತ್ತವೆ. ಹಾಕುವ ನೀರು ಹೊರಗಿನ ನೀರಿನಷ್ಟೇ ಬೆಚ್ಚಗಿರಬೇಕೆಂದಲ್ಲ, ತೊಟ್ಟಿಯ ನೀರಿನಷ್ಟು ಬೆಚ್ಚಗಿರಬೇಕು. ಕ್ಲೋರಿನ್ನನ್ನು ಹೋಗಲಾಡಿಸಲು ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟಿನ ದ್ರಾವಣವನ್ನು ಹೇಳಿದ ಅಳತೆಯಲ್ಲಿ ಬೆರೆಸಬೇಕು. ಕೊಳವೆಯ ಹೊರತುದಿಯನ್ನು ಬಚ್ಚಲಿಗೆ ಬಿಡುವುದಕ್ಕಿಂತ ಹಿತ್ತಲಿಗೆ ಒಯ್ಯುವುದು ಲೇಸು. ಮೀನಿಗೆ ಬೇಡವಾದ ಆ ನೈಟ್ರೇಟು ಮಲ್ಲಿಗೆ ಬಳ್ಳಿಗೂ ಬಾಳೆಗೂ ಗೊಬ್ಬರ.